ಕೇಪಿನ ರಿವಾಲ್ವರನ್ನು ಪರೀಕ್ಷಿಸುವ ಬಗೆ

ಮೇಜಿನ ಮೇಲೆ ಒಂದೇ ಮಾದರಿಯ ಎರಡು ಹಳೆಯ ರಿವಾಲ್ವರುಗಳಿವೆಯೆಂದು ಊಹಿಸಿಕೊಳ್ಳೋಣ. ಎರಡೂ ೧೮೬೩ರಲ್ಲಿ ಒಂದೇ ಕಾರ್ಖಾನೆಯಿಂದ ಹೊರಬಂದವು. ಒಂದು ಕನ್ನಡಿಯಂತೆ ಹೊಳೆಯುತ್ತಿದೆ. ಇನ್ನೊಂದರ ಉಕ್ಕು ಕಂದುಬಣ್ಣಕ್ಕೆ ತಿರುಗಿದೆ; ಹಿಡಿಯ ಮರ ಕಪ್ಪಿಟ್ಟಿದೆ; ಮೈಮೇಲೆ ಅಲ್ಲಲ್ಲಿ ಗೀರುಗಳಿವೆ. ಇವುಗಳಲ್ಲಿ ಯಾವುದು ಹೆಚ್ಚು ಬೆಲೆಯುಳ್ಳದ್ದು ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಹೊಳೆಯುವುದರ ಕಡೆಗೆ ಬೆರಳು ತೋರಿಸುವೆವು. ಅನುಭವವುಳ್ಳ ಸಂಗ್ರಾಹಕನಾದರೋ ಅದನ್ನು ಬದಿಗೆ ಸರಿಸಿ ಮಂಕಾದುದನ್ನು ಕೈಗೆತ್ತಿಕೊಳ್ಳುವನು. ಹೊಳೆಯುವ ಆಯುಧವನ್ನು ಯಾರೋ ಮರಳುಕಾಗದದಿಂದ ತಿಕ್ಕಿದ್ದಾರೆ. ಅದರೊಡನೆ ಅದರ ಮೇಲಿದ್ದ ಬರಹವೂ ಮುದ್ರೆಗಳೂ ಚಿತ್ರವೂ ಅಳಿಸಿಹೋಗಿವೆ. ಅದು ಈಗ ಮೂಕ. ಮಂಕಾದ ಆಯುಧ ಇನ್ನೂ ಮಾತನಾಡಬಲ್ಲುದು.

ಆ ಮಾತನ್ನು ಕೇಳಿಸಿಕೊಳ್ಳುವುದು ಹೇಗೆಂಬುದೇ ಈ ಲೇಖನದ ವಿಷಯ. ಉದಾಹರಣೆಗಾಗಿ ನಾವು ಅಮೆರಿಕದ ಅಂತರ್ಯುದ್ಧದ ಕಾಲದ ಪ್ರಸಿದ್ಧ ಸೈನಿಕ ಆಯುಧವಾದ ೧೮೬೦ರ ಮಾದರಿಯ ಕೋಲ್ಟ್ ಆರ್ಮಿ ರಿವಾಲ್ವರನ್ನು ಆರಿಸಿಕೊಂಡಿದ್ದೇವೆ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದಲ್ಲಿ ಸ್ಯಾಮ್ಯುಅಲ್ ಕೋಲ್ಟನ ಕಾರ್ಖಾನೆಯಲ್ಲಿ ೧೮೬೦ರಿಂದ ೧೮೭೩ರವರೆಗೆ ಇಂತಹವು ಸುಮಾರು ಎರಡು ಲಕ್ಷ ತಯಾರಾದುವು. ಅವುಗಳಲ್ಲಿ ೧,೨೫,೦೦೦ಕ್ಕೂ ಹೆಚ್ಚನ್ನು ಅಮೆರಿಕದ ಸರಕಾರವೇ ಕೊಂಡಿತು. ೧೮೬೫ರಲ್ಲಿ ಯುದ್ಧ ಮುಗಿದಾಗ, ಸೇವೆಯಿಂದ ಬಿಡುಗಡೆ ಹೊಂದಿದ ಸಿಪಾಯಿಗಳು ತಮ್ಮ ರಿವಾಲ್ವರುಗಳನ್ನು ಎಂಟೆಂಟು ಡಾಲರು ಕೊಟ್ಟು ಮನೆಗೆ ಒಯ್ಯಬಹುದೆಂದು ಆಜ್ಞೆಯಾಯಿತು. ಸೈನ್ಯದ ಆಯುಧಗಳು ರೈತರ ಮನೆಯ ಪೆಟ್ಟಿಗೆಗಳನ್ನು ಸೇರಿದ್ದಕ್ಕೆ ಇದೂ ಒಂದು ಕಾರಣ.

ಮಲೆನಾಡಿನ ಮತ್ತು ಕೊಡಗಿನ ವಾಚಕರಿಗೆ ಕೇಪಿನ ಕೋವಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗಜದಿಂದ ಗಟ್ಟಿಸಿ, ಹಿಂಬದಿಯ ಸಣ್ಣ ಟೊಳ್ಳು ಗೂಟದ ಮೇಲೆ ತಾಮ್ರದ ಕೇಪನ್ನು ಕೂರಿಸಿ, ಅದರ ಮೇಲೆ ಕುದುರೆಯನ್ನು ಬೀಳಿಸಿದರೆ ಕಿಡಿ ಟೊಳ್ಳಿನೊಳಗೆ ನುಗ್ಗಿ ಮದ್ದನ್ನು ಹೊತ್ತಿಸುತ್ತದೆ. ಪೆಟ್ಟು ಬಿದ್ದೊಡನೆ ಸಿಡಿಯುವ ಪಾದರಸದ ಫಲ್ಮಿನೇಟನ್ನು ಇಂಗ್ಲೆಂಡಿನ ಎಡ್ವರ್ಡ್ ಹೊವಾರ್ಡ್ ೧೮೦೦ರಲ್ಲಿ ವರ್ಣಿಸಿದನು. ಇಂತಹ ಸಿಡಿಪದಾರ್ಥಗಳಿಂದ ಬಂದೂಕನ್ನು ಹೊತ್ತಿಸುವ ಉಪಾಯಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೊರ್ಸೈತ್ ೧೮೦೭ರಲ್ಲಿ ಪೇಟೆಂಟು ಪಡೆದನು. ಬಾತುಕೋಳಿಗಳು ಚಕಮಕಿ ಬಂದೂಕಿನ ಕಿಡಿಯನ್ನು ಕಂಡೊಡನೆ ಹಾರಿಹೋಗುತ್ತಿದ್ದುದೇ ಆತನನ್ನು ಈ ಯೋಚನೆಗೆ ಹಚ್ಚಿತೆಂದು ಹೇಳುತ್ತಾರೆ. ಕೋಲ್ಟನು ಇದೇ ಕೇಪನ್ನು ತಿರುಗುವ ಉರುಳೆಯೊಂದಕ್ಕೆ ಅಳವಡಿಸಿ ೧೮೩೬ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದನು. ನಮ್ಮ ಮುಂದಿರುವ ರಿವಾಲ್ವರಿನ ಉರುಳೆಯಲ್ಲಿ ಆರು ಕೋಣೆಗಳಿವೆ. ಪ್ರತಿ ಕೋಣೆಯ ಹಿಂದೆ ಒಂದೊಂದು ಗೂಟ. ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದಂತೆ ಉರುಳೆ ಆರನೆಯ ಒಂದು ಸುತ್ತು ತಿರುಗಿ, ಹೊಸ ಕೋಣೆಯೊಂದು ನಳಿಗೆಗೆ ನೇರವಾಗಿ ನಿಲ್ಲುತ್ತದೆ.

ಪರೀಕ್ಷೆಯ ಮೊದಲ ಪ್ರಶ್ನೆ ಬೆಲೆಯದಲ್ಲ, ಜೀವದ್ದು. ಆಯುಧದಲ್ಲಿ ಮದ್ದು ಇದೆಯೇ? ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣವಾದ ಕರಿಮದ್ದು ಒಣಗಿದ ಸ್ಥಳದಲ್ಲಿದ್ದರೆ ನೂರೈವತ್ತು ವರ್ಷಗಳಾದರೂ ತನ್ನ ಗುಣವನ್ನು ಬಿಡುವುದಿಲ್ಲ. ಯಾವನೋ ಸಿಪಾಯಿ ತುಂಬಿ ಹಾರಿಸದೆ ಬಿಟ್ಟ ಗುಂಡು ಇಂದಿಗೂ ಕೋಣೆಯಲ್ಲಿ ಕುಳಿತಿರುವುದು ಅಸಂಭವವಲ್ಲ. ಆದ್ದರಿಂದ ಆಯುಧವನ್ನು ಯಾರ ಕಡೆಗೂ ತಿರುಗಿಸದೆ, ಕುದುರೆಯನ್ನು ಮುಟ್ಟದೆ, ಗೂಟಗಳ ಮೇಲೆ ಕೇಪುಗಳಿವೆಯೇ ಎಂದು ಮೊದಲು ಪಕ್ಕದಿಂದ ನೋಡಬೇಕು. ಕೇಪಿಲ್ಲದಿದ್ದ ಮಾತ್ರಕ್ಕೆ ಕೋಣೆ ಬರಿದೆಂದು ನಂಬಲಾಗದು. ಉರುಳೆಯ ಮುಂಬದಿಯಲ್ಲಿ ಸೀಸದ ಬೂದುಬಣ್ಣ ಕಂಡರೆ ಅಲ್ಲಿಗೇ ನಿಲ್ಲಿಸಿ, ಅಧಿಕೃತ ಬಂದೂಕು ತಜ್ಞರನ್ನು ಕರೆಯಿಸಬೇಕು. ವಸ್ತುಸಂಗ್ರಹಾಲಯಗಳಲ್ಲಿ ಇದಕ್ಕಾಗಿ ಕ್ಷಕಿರಣದ ಚಿತ್ರವನ್ನೂ ತೆಗೆಯುವುದುಂಟು. ಕುತೂಹಲಕ್ಕಾಗಿ ಕುದುರೆಯನ್ನು ಎಳೆದು ಬಿಡುವ ಚಪಲ ಸಂಗ್ರಾಹಕರ ಲೋಕದಲ್ಲಿ ದೊಡ್ಡ ಅಪರಾಧ. ಬರಿದಾದ ಆಯುಧದಲ್ಲಿಯೂ ಅದು ಗೂಟಗಳ ತುದಿಯನ್ನು ಜಜ್ಜುತ್ತದೆ.

ಆಯುಧ ಬರಿದೆಂದು ಖಚಿತವಾದ ಮೇಲೆ ಒಟ್ಟು ರೂಪವನ್ನು ನೋಡೋಣ. ನಳಿಗೆ ಎಂಟು ಅಂಗುಲ ಉದ್ದ, ದುಂಡು. ತೂಕ ಸುಮಾರು ಒಂದು ಕಿಲೋಗ್ರಾಮಿನ ಮೇಲೆ ಇನ್ನೂರು ಗ್ರಾಮು. ಗುಂಡಿನ ಅಳತೆ ಅಂಗುಲದ ನೂರರಲ್ಲಿ ೪೪ ಭಾಗ, ಎಂದರೆ ಸುಮಾರು ೧೧ ಮಿಲಿಮೀಟರು. ಇದೇ ಅಳತೆಯ ಗುಂಡನ್ನು ಹಾರಿಸುತ್ತಿದ್ದ ಕೋಲ್ಟನ ಹಿಂದಿನ ಡ್ರಾಗೂನ್ ಮಾದರಿ ಎರಡು ಕಿಲೋಗ್ರಾಮಿಗೆ ಸಮೀಪವಾಗಿತ್ತು. ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದಕ್ಕಿಂತ ಕುದುರೆಯ ಜೀನಿಗೆ ತೂಗುಹಾಕುವುದೇ ಮೇಲಾಗಿತ್ತು. ಮೇಲಾದ ಉಕ್ಕು ದೊರೆತುದರಿಂದ ಗೋಡೆಗಳನ್ನು ತೆಳುಮಾಡಿ ತೂಕವನ್ನು ಇಳಿಸಲು ಸಾಧ್ಯವಾಯಿತು.

ಇಲ್ಲಿ ಒಂದು ಸ್ವಾರಸ್ಯದ ಗುರುತಿದೆ. ಕೋಲ್ಟನ ಕಾರ್ಖಾನೆ ಹೊಸ ಮಾದರಿಗಾಗಿ ಹೊಸ ಚೌಕಟ್ಟನ್ನು ರೂಪಿಸಲಿಲ್ಲ. ೧೮೫೧ರ ನೇವಿ ಮಾದರಿಯ, ಎಂದರೆ ೩೬ರ ಅಳತೆಯ, ಚೌಕಟ್ಟನ್ನೇ ತೆಗೆದುಕೊಂಡು ಅದರ ಮುಂಭಾಗದಲ್ಲಿ ಒಂದು ಮೆಟ್ಟಿಲನ್ನು ಕೊರೆಯಿತು. ಅದಕ್ಕೆ ಹೊಂದುವಂತೆ ಉರುಳೆಯ ಹಿಂಭಾಗ ಸಪುರ, ಮುಂಭಾಗ ದಪ್ಪ. ಉರುಳೆಯ ಮೈಯಲ್ಲಿ ಕಾಣುವ ಈ ಮೆಟ್ಟಿಲು ಚೌಕಟ್ಟಿನ ಮೆಟ್ಟಿಲಿಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಬೇರೆ ಬೇರೆ ಆಯುಧಗಳ ಭಾಗಗಳನ್ನು ಕೂಡಿಸಿದ್ದಾರೆಂದೇ ಅರ್ಥ.

ಈಗ ಆಯುಧವನ್ನು ತಲೆಕೆಳಗೆ ಮಾಡಿ ಹಿಡಿಯೋಣ. ನಳಿಗೆಯ ತಳ, ಚೌಕಟ್ಟು, ಟ್ರಿಗರಿನ ಹಿತ್ತಾಳೆಯ ಕಾಪು, ಹಿಡಿಯ ಬುಡ ಈ ನಾಲ್ಕೂ ಕಡೆ ಒಂದೇ ಕ್ರಮಸಂಖ್ಯೆಯನ್ನು ಒತ್ತಿರುತ್ತಾರೆ. ಉರುಳೆಯ ಮೇಲೆಯೂ, ನಳಿಗೆಯನ್ನು ಚೌಕಟ್ಟಿಗೆ ಬಿಗಿಯುವ ಬೆಣೆಯ ಮೇಲೆಯೂ ಅದೇ ಸಂಖ್ಯೆ ಇರಬೇಕು. ಅಕ್ರೋಟ ಮರದ ಹಿಡಿಯನ್ನು ಬಿಚ್ಚಿದರೆ ಒಳಗಿನ ತೋಡಿನಲ್ಲಿ ಮಸಿಯಿಂದ ಬರೆದ ಸಂಖ್ಯೆ ಕೆಲವೊಮ್ಮೆ ಇನ್ನೂ ಕಾಣಿಸುತ್ತದೆ. ಎಲ್ಲ ಸಂಖ್ಯೆಗಳೂ ಒಂದೇ ಆಗಿದ್ದರೆ ಆಯುಧ ಹುಟ್ಟಿದಂತೆಯೇ ಉಳಿದುಬಂದಿದೆ ಎನ್ನಬಹುದು. ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಆದರೆ ಸಂಖ್ಯೆಗಳು ಬೇರೆಯಾದ ಕೂಡಲೇ ಮೋಸವೆಂದು ಕೂಗುವುದು ವಿವೇಕವಲ್ಲ. ದಳದ ಸಿಪಾಯಿಗಳು ಕೂಡಿ ಕುಳಿತು ಹತ್ತಾರು ರಿವಾಲ್ವರುಗಳನ್ನು ಬಿಚ್ಚಿ ಬಿಸಿನೀರಿನಲ್ಲಿ ತೊಳೆಯುವಾಗ ಒಬ್ಬನ ಬೆಣೆ ಇನ್ನೊಬ್ಬನದಕ್ಕೆ ಸೇರುವುದು ಸಹಜ. ಶಸ್ತ್ರಾಗಾರದ ಕಮ್ಮಾರನೂ ಮುರಿದ ಭಾಗದ ಬದಲು ಕೈಗೆ ಸಿಕ್ಕಿದುದನ್ನು ಹಾಕುತ್ತಿದ್ದನು. ಬೆಣೆಯೊಂದು ಬೇರೆಯಾದರೆ ಸಂಗ್ರಾಹಕರು ಹೆಚ್ಚಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಉರುಳೆ ಬೇರೆಯಾದರೆ ಯೋಚಿಸುತ್ತಾರೆ. ನಳಿಗೆಯೂ ಚೌಕಟ್ಟೂ ಬೇರೆ ಬೇರೆಯಾದರೆ ಬೆಲೆ ಬಹಳವಾಗಿ ಇಳಿಯುತ್ತದೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಬೇರೆ ಸಂಖ್ಯೆಯ ಪ್ರಾಮಾಣಿಕ ರಿವಾಲ್ವರು ತಿದ್ದಿದ ಸಂಖ್ಯೆಯ ರಿವಾಲ್ವರಿಗಿಂತ ನೂರು ಪಾಲು ಮೇಲು.

ತಿದ್ದಿದ್ದನ್ನು ಕಂಡುಹಿಡಿಯುವ ಬಗೆಯನ್ನು ನೋಡೋಣ. ಹಳೆಯ ಸಂಖ್ಯೆಯನ್ನು ಅರದಿಂದ ಉಜ್ಜಿ ತೆಗೆದಲ್ಲಿ ಲೋಹ ತುಸು ತಗ್ಗಾಗುತ್ತದೆ. ದೀಪವನ್ನು ಪಕ್ಕಕ್ಕೆ, ಬಹಳ ಕೆಳಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಆ ತಗ್ಗಿನ ನೆರಳು ಕಾಣುತ್ತದೆ. ಉಕ್ಕಿನ ಅಚ್ಚನ್ನು ಲೋಹಕ್ಕೆ ಹೊಡೆದಾಗ ಅಂಕಿಯ ಅಂಚಿನಲ್ಲಿ ಲೋಹ ಕೂದಲೆಳೆಯಷ್ಟು ಮೇಲೇಳುತ್ತದೆ. ಹಳೆಯ ಆಯುಧದಲ್ಲಿ ಆ ಉಬ್ಬು ಕೈತಾಗಿ ಸವೆದಿರಬೇಕು. ಸುತ್ತಲಿನ ಮೈಯೆಲ್ಲ ಸವೆದಿದ್ದು ಅಂಕಿಗಳ ಅಂಚು ಮಾತ್ರ ಚುರುಕಾಗಿದ್ದರೆ ಸಂಶಯಪಡಬೇಕು. ಇನ್ನೊಂದು ಮಾತು. ಅಚ್ಚಿನ ಪೆಟ್ಟಿಗೆ ಮೇಲಿನ ಲೋಹವಷ್ಟೇ ಅಲ್ಲ, ಅದರ ಕೆಳಗಿನ ಹರಳುಗಳೂ ನಲುಗಿರುತ್ತವೆ. ಆದುದರಿಂದ ಉಜ್ಜಿ ತೆಗೆದ ಸಂಖ್ಯೆಯನ್ನು ಅಪರಾಧ ಪರೀಕ್ಷಾಲಯದವರು ತಕ್ಕ ಆಮ್ಲದಿಂದ ಮರಳಿ ಕಾಣಿಸಬಲ್ಲರು: ನಲುಗಿದ ಲೋಹ ಬೇರೆ ವೇಗದಲ್ಲಿ ಕರಗುವುದೇ ಇದರ ಗುಟ್ಟು. ಆದರೆ ಪುರಾತನ ವಸ್ತುವಿನ ಮೇಲೆ ಯಾರೂ ಆಮ್ಲವನ್ನು ಸುರಿಯುವುದಿಲ್ಲ. ದೀಪ ಮತ್ತು ಭೂತಗನ್ನಡಿಗಳೇ ಸಾಕು.

ಕ್ರಮಸಂಖ್ಯೆಯಿಂದ ಆಯುಧ ಹುಟ್ಟಿದ ಕಾಲವನ್ನು ಅಂದಾಜು ಮಾಡಬಹುದು. ೧೮೬೪ರ ಆರಂಭದ ವೇಳೆಗೆ ಸಂಖ್ಯೆ ಒಂದೂವರೆ ಲಕ್ಷವನ್ನು ಮುಟ್ಟಿತ್ತೆಂದು ಸಂಗ್ರಾಹಕರ ಕೋಷ್ಟಕಗಳು ತಿಳಿಸುತ್ತವೆ. ಆ ವರ್ಷದ ಫೆಬ್ರುವರಿಯಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದು ದೊಡ್ಡ ನಷ್ಟವಾಯಿತು. ಅದರಿಂದಾಚೆಗೆ ಸೈನ್ಯಕ್ಕೆ ಈ ಮಾದರಿ ಮಾರಾಟವಾಗಲಿಲ್ಲ. ಕಾಲಕ್ಕೂ ರಚನೆಗೂ ಹೊಂದಾಣಿಕೆ ಇದೆಯೇ ಎಂಬುದು ಮುಂದಿನ ಪರೀಕ್ಷೆ. ಮೊದಮೊದಲ ಕೆಲವು ಸಾವಿರ ರಿವಾಲ್ವರುಗಳ ಉರುಳೆಯಲ್ಲಿ ಉದ್ದುದ್ದ ತೋಡುಗಳಿದ್ದುವು. ತೂಕ ಇಳಿಸಲೆಂದು ತೆಗೆದ ಈ ತೋಡುಗಳು ಗೋಡೆಯನ್ನೂ ತೆಳುಮಾಡಿ, ಉರುಳೆ ಸಿಡಿಯುವ ಅಪಾಯವನ್ನು ತಂದುವು. ಬೇಗನೆ ಅವನ್ನು ಕೈಬಿಡಲಾಯಿತು. ಹಾಗೆಯೇ ಮೊದಲ ಐವತ್ತು ಸಾವಿರದಷ್ಟರಲ್ಲಿ ಚೌಕಟ್ಟಿಗೆ ಸಾಮಾನ್ಯವಾಗಿ ನಾಲ್ಕು ತಿರುಪುಗಳು. ಹೆಚ್ಚಿನ ತಿರುಪು ಹೆಗಲಿಗೆ ಆನಿಸುವ ಮರದ ದಿಮ್ಮಿಯನ್ನು ಸಿಕ್ಕಿಸಲು ಇದ್ದುದು. ಆಮೇಲೆ ಮೂರೇ ತಿರುಪುಗಳು. ಆದ್ದರಿಂದ ೧,೨೦,೦೦೦ದ ಆಚೆಗಿನ ಸಂಖ್ಯೆಯ ಆಯುಧಕ್ಕೆ ತೋಡಿನ ಉರುಳೆಯಿದ್ದರೆ, ಅದು ಹೇಗೆ ಬಂತೆಂದು ಮಾರುವವನನ್ನು ಕೇಳಲೇಬೇಕು.

ನಳಿಗೆಯ ಮೇಲಿನ ಬರಹ ಆಯುಧ ನ್ಯೂಯಾರ್ಕಿನದೆಂದು ಹೇಳುವಂತಿದೆ: ‘ಅಡ್ರೆಸ್ ಕರ್ನಲ್ ಸ್ಯಾಮ್ಯುಅಲ್ ಕೋಲ್ಟ್, ನ್ಯೂಯಾರ್ಕ್, ಯು. ಎಸ್. ಅಮೆರಿಕ’. ಕಾರ್ಖಾನೆ ಹಾರ್ಟ್‌ಫರ್ಡಿನಲ್ಲಿದ್ದರೂ ವ್ಯಾಪಾರಿಯ ವಿಳಾಸ ಮಹಾನಗರದ್ದು. ಕೋಲ್ಟನು ೧೮೬೨ರ ಜನವರಿಯಲ್ಲಿ ತೀರಿಕೊಂಡ ಮೇಲೆಯೂ ಅವನ ಹೆಸರು ವರ್ಷಗಟ್ಟಲೆ ನಳಿಗೆಗಳ ಮೇಲೆ ಬೀಳುತ್ತಲೇ ಇತ್ತು.

ಉರುಳೆಯ ಸುತ್ತಲೂ ಒಂದು ನೌಕಾಯುದ್ಧದ ಚಿತ್ರವಿದೆ. ೧೮೪೩ರ ಮೇ ೧೬ರಂದು ಕಾಂಪೆಚೆ ಬಳಿ ಟೆಕ್ಸಸ್‌ನ ಹಡಗುಗಳಿಗೂ ಮೆಕ್ಸಿಕೋವಿನ ಹಡಗುಗಳಿಗೂ ನಡೆದ ಕದನ ಅದು. ಟೆಕ್ಸಸ್‌ನ ನೌಕಾಪಡೆ ಕೋಲ್ಟನ ಮೊದಲ ರಿವಾಲ್ವರುಗಳನ್ನು ಕೊಂಡ ಗಿರಾಕಿಗಳಲ್ಲಿ ಒಂದು. ಆ ಋಣ ಹೀಗೆ ಸಂದಿತು. ಓರ್ಮ್ಸ್‌ಬಿ ಎಂಬ ಕೆತ್ತನೆಗಾರನು ಸಿದ್ಧಪಡಿಸಿದ ಉಕ್ಕಿನ ಅಚ್ಚಿನ ಗಾಲಿಯನ್ನು ಉರುಳೆಯ ಮೇಲೆ ಒತ್ತಿ ಉರುಳಿಸಿದಾಗ ಚಿತ್ರ ಮೂಡುತ್ತಿತ್ತು. ಗೆರೆಗಳು ಬಹು ತೆಳು. ಚರ್ಮದ ಚೀಲಕ್ಕೆ ಹಾಕಿ ತೆಗೆಯುವಾಗ ಉಜ್ಜಿ ಮೊದಲು ಮಾಯವಾಗುವುದು ಈ ಚಿತ್ರವೇ. ಆದುದರಿಂದ ಚಿತ್ರ ಎಷ್ಟು ಉಳಿದಿದೆ ಎಂಬುದು ಆಯುಧ ಎಷ್ಟು ದುಡಿದಿದೆ ಎಂಬುದಕ್ಕೆ ಒಳ್ಳೆಯ ಅಳತೆ. ಈ ಅಳತೆಯಿಂದ ಇನ್ನೊಂದು ಮೋಸವೂ ಬಯಲಾಗುತ್ತದೆ. ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ನೀಲಿ ಬಣ್ಣ ಬಳಿದ ಬಣ್ಣವಲ್ಲ. ಕಾಯಿಸಿದಾಗ ಲೋಹದ ಮೇಲೆಯೇ ಹುಟ್ಟುವ ಕಬ್ಬಿಣದ ಆಕ್ಸೈಡಿನ ತೆಳುಪೊರೆ. ಕೆತ್ತನೆಯ ಗೆರೆಗಳಿಗಿಂತಲೂ ಅದು ತೆಳು. ಹಾಗಿರುವಾಗ ಚಿತ್ರ ಅಳಿದುಹೋಗಿ ನೀಲಿ ಮಾತ್ರ ತುಂಬಿ ನಿಂತಿದ್ದರೆ, ಆ ನೀಲಿ ಚಿತ್ರ ಸವೆದ ಮೇಲೆ ಬಂದುದೆಂದು ಬೇರೆ ಸಾಕ್ಷಿ ಬೇಕಿಲ್ಲ. ಮೇಲಿನದು ಈಚಿನದು ಎಂಬ ಭೂವಿಜ್ಞಾನದ ಸೂತ್ರ ಇಲ್ಲಿಯೂ ನಡೆಯುತ್ತದೆ.

ಅದೇ ಸೂತ್ರವನ್ನು ಹಿಡಿಯ ಮೇಲೂ ಪ್ರಯೋಗಿಸೋಣ. ಸರಕಾರದ ಪರೀಕ್ಷಕನು ಒಪ್ಪಿದ ಆಯುಧದ ಹಿಡಿಗೆ, ಎಡಬಲಗಳೆರಡರಲ್ಲೂ, ಚೌಕಟ್ಟಿನೊಳಗೆ ತನ್ನ ಹೆಸರಿನ ಮೊದಲಕ್ಷರಗಳ ಮುದ್ರೆಯನ್ನು ಒತ್ತುತ್ತಿದ್ದನು. ಲೋಹದ ಭಾಗಗಳ ಮೇಲೆಯೂ ಪುಟ್ಟ ಪುಟ್ಟ ಒಂಟಿ ಅಕ್ಷರಗಳಿರುತ್ತವೆ. ಸೈನಿಕ ರಿವಾಲ್ವರಿಗೂ ಅಂಗಡಿಯಲ್ಲಿ ಮಾರಿದ್ದಕ್ಕೂ ಇರುವ ಮುಖ್ಯ ವ್ಯತ್ಯಾಸವೇ ಇದು. ಸೈನಿಕ ಆಯುಧಕ್ಕೆ ಬೇಡಿಕೆ ಹೆಚ್ಚಾದುದರಿಂದ ಮುದ್ರೆಯನ್ನು ಹೊಸದಾಗಿ ಒತ್ತುವವರೂ ಹುಟ್ಟಿಕೊಂಡರು. ನಿಜವಾದ ಮುದ್ರೆಯನ್ನು ಹಳೆಯ ಗೀರುಗಳು ದಾಟಿಹೋಗಿರುತ್ತವೆ, ಏಕೆಂದರೆ ಮುದ್ರೆ ಮೊದಲು, ಗೀರು ಆಮೇಲೆ. ಕಳ್ಳಮುದ್ರೆಯಾದರೆ ಗೀರನ್ನು ತಾನೇ ತುಳಿದು ಕೂತಿರುತ್ತದೆ.

ಇನ್ನು ತುಕ್ಕು. ಕರಿಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ತೂಕ ಹೊಗೆಯಾಗಿಯೂ ಮಸಿಯಾಗಿಯೂ ಘನರೂಪದಲ್ಲೇ ಉಳಿಯುತ್ತದೆ. ಕೇಪಿನ ಸಿಡಿಪದಾರ್ಥದೊಡನೆ ಬೆರೆಸುತ್ತಿದ್ದ ಪೊಟ್ಯಾಸಿಯಂ ಕ್ಲೋರೇಟು ಆಮ್ಲಜನಕವನ್ನು ಬಿಟ್ಟುಕೊಟ್ಟು ಪೊಟ್ಯಾಸಿಯಂ ಕ್ಲೋರೈಡಾಗುತ್ತದೆ. ಇದು ಅಡಿಗೆ ಉಪ್ಪಿನ ಸೋದರ; ತೇವಗಾಳಿಯಲ್ಲಿ ಅದರಂತೆಯೇ ಉಕ್ಕನ್ನು ತಿನ್ನುತ್ತದೆ. ಈ ಕಾರಣದಿಂದ ನಿಜವಾಗಿ ಬಳಸಿದ ಕೇಪಿನ ರಿವಾಲ್ವರಿನಲ್ಲಿ ಗೂಟಗಳ ಸುತ್ತಲೂ ಕುದುರೆಯ ಮೂತಿಯಲ್ಲೂ ಸಣ್ಣ ಸಣ್ಣ ಗುಳಿಗಳಿರುವುದು ಸಹಜ. ಹೊಸ ನಕಲನ್ನು ಹಳತಾಗಿಸುವವನು ಆಮ್ಲವನ್ನು ಎಲ್ಲೆಡೆಗೂ ಸಮನಾಗಿ ಸವರುತ್ತಾನೆ. ಕಾಲವಾದರೋ ಎಲ್ಲೆಡೆಗೂ ಸಮನಾಗಿ ತಿನ್ನುವುದಿಲ್ಲ. ಚೀಲದಲ್ಲಿ ಮಲಗಿದ್ದ ಪಕ್ಕ ಒಂದು ಬಗೆ, ಗಾಳಿಗೆ ತೆರೆದ ಪಕ್ಕ ಇನ್ನೊಂದು ಬಗೆ; ನಳಿಗೆಯ ತುದಿ ಚರ್ಮಕ್ಕೆ ಉಜ್ಜಿ ಬೆಳ್ಳಗಾಗಿರುತ್ತದೆ, ತಿರುಪುಗಳ ಸಂದಿಯಲ್ಲಿ ಮಾತ್ರ ಹಳೆಯ ನೀಲಿ ಅಡಗಿರುತ್ತದೆ. ಮೈಯೆಲ್ಲ ತುಕ್ಕು ಹಿಡಿದಂತಿದ್ದು ಗೂಟಗಳ ಸುತ್ತ ಮಾತ್ರ ಚೊಕ್ಕಟವಾಗಿದ್ದರೆ ಆ ಮುದುಕ ಬಣ್ಣ ಹಚ್ಚಿಕೊಂಡ ಹುಡುಗನೆಂದೇ ತಿಳಿಯಬೇಕು.

ನಕಲುಗಳೆಲ್ಲ ಮೋಸದವಲ್ಲವೆಂಬುದನ್ನೂ ಹೇಳಬೇಕು. ೧೯೫೦ರ ದಶಕದ ಕೊನೆಯಿಂದ ಇಟಲಿಯ ಕಾರ್ಖಾನೆಗಳು ಕೋಲ್ಟ್ ಮಾದರಿಗಳ ಪ್ರತಿಕೃತಿಗಳನ್ನು ಬಹಿರಂಗವಾಗಿಯೇ ಮಾಡುತ್ತ ಬಂದಿವೆ. ಅವುಗಳ ಮೇಲೆ ಗಾರ್ಡೋನೆ ಊರಿನ ಪರೀಕ್ಷಾಗೃಹದ ನಕ್ಷತ್ರವುಳ್ಳ ಮುದ್ರೆಯೂ, ಕರಿಮದ್ದನ್ನು ಸೂಚಿಸುವ ಪಿ. ಎನ್. ಅಕ್ಷರಗಳೂ, ವರ್ಷದ ಗುಪ್ತಾಕ್ಷರವೂ ಇರುತ್ತವೆ. ಮೋಸವಿರುವುದು ಆ ಮುದ್ರೆಗಳನ್ನು ಉಜ್ಜಿ ತೆಗೆದು ಮಾರುವವನಲ್ಲಿ. ಸಂಶಯ ಬಲವಾದರೆ, ಕ್ಷಕಿರಣದಿಂದ ಲೋಹದ ಅಣುಗಳನ್ನು ಮಿನುಗಿಸಿ ಅವುಗಳ ಜಾತಿಯನ್ನು ತಿಳಿಸುವ ಉಪಕರಣ ಈಗ ಇದೆ. ಒಂದು ಗೀರನ್ನೂ ಮಾಡದೆ ಅದು ಉಕ್ಕಿನಲ್ಲಿ ಬೆರೆತ ಇತರ ಲೋಹಗಳನ್ನು ಲೆಕ್ಕಹಾಕುತ್ತದೆ.

ಯಂತ್ರದ ಆರೋಗ್ಯವನ್ನು ನೋಡಲು ಕುದುರೆಯನ್ನು ಹೆಬ್ಬೆರಳಿನಿಂದ ಬಹು ಮೆಲ್ಲಗೆ ಹಿಂದಕ್ಕೆಳೆಯಬೇಕು. ಅರ್ಧದಲ್ಲಿ ಒಮ್ಮೆ, ಪೂರ್ತಿ ಎಳೆದಾಗ ಇನ್ನೊಮ್ಮೆ ಅದು ನಿಲ್ಲಬೇಕು. ಉರುಳೆಯ ಅಗುಳಿ ತನ್ನ ತಗ್ಗಿಗೆ ಬಿದ್ದ ಸದ್ದು ಸ್ಪಷ್ಟವಾಗಿ ಕೇಳಬೇಕು. ಆಮೇಲೆ ಉರುಳೆ ಅಲುಗಬಾರದು. ನಳಿಗೆಯೊಳಗಿನ ಏಳು ಸುರುಳಿತೋಡುಗಳು ಕಾಣುತ್ತವೆಯೇ ಎಂದು ನೋಡಿ, ಕುದುರೆಯನ್ನು ಹೆಬ್ಬೆರಳಿನಿಂದ ತಡೆದು ಮೆಲ್ಲನೆ ಇಳಿಸಬೇಕು.

ಇಷ್ಟೆಲ್ಲ ಕೂಡಿಸಿದ ಮೇಲೆ ದರ್ಜೆ. ಅಮೆರಿಕದ ರಾಷ್ಟ್ರೀಯ ರೈಫಲ್ ಸಂಘ ಪುರಾತನ ಬಂದೂಕುಗಳಿಗೆ ಗೊತ್ತುಪಡಿಸಿದ ದರ್ಜೆಗಳನ್ನು ಸಂಗ್ರಾಹಕರು ವ್ಯಾಪಕವಾಗಿ ಬಳಸುತ್ತಾರೆ. ಭಾಗಗಳೆಲ್ಲ ಮೂಲದವಾಗಿ, ಮೊದಲ ಹೊಳಪು ನೂರಕ್ಕೆ ೮೦ಕ್ಕಿಂತ ಹೆಚ್ಚು ಉಳಿದಿದ್ದರೆ ಅತ್ಯುತ್ತಮ; ೩೦ಕ್ಕಿಂತ ಹೆಚ್ಚಿದ್ದರೆ ಉತ್ತಮ; ಹೊಳಪು ಅದಕ್ಕೂ ಕಡಮೆಯಾಗಿ ಅಥವಾ ಇಲ್ಲವೇ ಇಲ್ಲದೆ, ಅಕ್ಷರಗಳು ಸ್ಪಷ್ಟವಾಗಿದ್ದರೆ ಬಹು ಚೆನ್ನ. ಚಿಕ್ಕಪುಟ್ಟ ಭಾಗಗಳು ಬದಲಾಗಿ, ಅಲ್ಲಲ್ಲಿ ಗುಳಿಬಿದ್ದವು ಅದರ ಕೆಳಗೆ ಬರುತ್ತವೆ. ಕೇವಲ ಒಂದು ಗಳಿಗೆ ಮರಳುಕಾಗದ ಹಿಡಿದವನು ಮೇಲಿನ ದರ್ಜೆಯ ಆಯುಧವನ್ನು ಕೆಳಗಿನ ದರ್ಜೆಗೆ ಇಳಿಸಬಲ್ಲನು, ಅಲ್ಲಿಂದ ಅದನ್ನು ಮೇಲೆತ್ತುವ ಉಪಾಯ ಯಾವುದೂ ಇಲ್ಲ.

ಆದುದರಿಂದ ಇಂತಹ ವಸ್ತು ಯಾರ ಕೈಗಾದರೂ ಬಂದರೆ ಹಬ್ಬದ ಪಾತ್ರೆಯಂತೆ ಅದನ್ನು ಬೆಳಗಬಾರದು. ಬೆವರಿನ ಉಪ್ಪು ತಾಗದಂತೆ ಕೈಚೀಲ ಹಾಕಿಕೊಂಡು ಮುಟ್ಟಬೇಕು. ಸಡಿಲಾದ ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ವಸ್ತುಸಂಗ್ರಹಾಲಯದವರು ಬಳಸುವ ಮೇಣವನ್ನು ತೆಳುವಾಗಿ ಹಚ್ಚಿದರೆ ಸಾಕು. ಚರ್ಮದ ಚೀಲದಲ್ಲಿ ಇಡಬಾರದು; ಹದಮಾಡಿದ ಚರ್ಮದ ಆಮ್ಲಗಳು ಉಕ್ಕಿಗೆ ತುಕ್ಕನ್ನೂ ಹಿತ್ತಾಳೆಗೆ ಹಸುರು ಕಿಲುಬನ್ನೂ ತರುತ್ತವೆ. ಕರಾವಳಿಯ ಮಳೆಗಾಲದಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಿರಬೇಕು.

ಕಾನೂನಿನ ಮಾತೂ ಇದೆ. ಅಮೆರಿಕದಲ್ಲಿ ೧೮೯೮ ಅಥವಾ ಅದಕ್ಕೆ ಮೊದಲು ತಯಾರಾದ ಬಂದೂಕನ್ನು ಅಲ್ಲಿನ ಕೇಂದ್ರ ಕಾನೂನು ಪುರಾತನ ವಸ್ತುವೆಂದು ಬೇರೆಯಾಗಿ ಎಣಿಸುತ್ತದೆ. ನಮ್ಮ ದೇಶದಲ್ಲಿ ಹಾಗಿಲ್ಲ. ೧೯೫೯ರ ಆಯುಧಗಳ ಕಾಯಿದೆ ವಿನಾಯಿತಿ ನೀಡುವುದು ಬಳಕೆ ತಪ್ಪಿದ, ಪುರಾತನವಾದ ಅಥವಾ ಕೆಟ್ಟುಹೋದ ಆಯುಧಕ್ಕೆ. ಅದೂ ರಿಪೇರಿ ಮಾಡಿದರೂ ಹಾರಿಸಲಾಗದಂತಹುದಕ್ಕೆ ಮಾತ್ರ. ಅಜ್ಜನ ಪೆಟ್ಟಿಗೆಯಲ್ಲಿ ಕೇಪಿನ ಪಿಸ್ತೂಲೊಂದು ಸಿಕ್ಕಿದ ವಿದ್ಯಾರ್ಥಿ ಅದನ್ನು ಗೆಳೆಯರಿಗೆ ತೋರಿಸಲು ಶಾಲೆಗೆ ಒಯ್ಯದೆ, ಇದ್ದಲ್ಲಿಯೇ ಬಿಟ್ಟು, ಮನೆಯ ಹಿರಿಯರ ಮೂಲಕ ಪೊಲೀಸು ಠಾಣೆಗೆ ತಿಳಿಸಬೇಕು. ಅದರಲ್ಲಿ ಮದ್ದಿದೆಯೇ ಇಲ್ಲವೇ ಎಂಬ ಮೊದಲ ಪ್ರಶ್ನೆಗೆ ಉತ್ತರವೂ ಅಲ್ಲಿಂದ ಬರುವ ತಜ್ಞರಿಂದಲೇ ದೊರೆಯಲಿ.